ಬ್ರೆಜಿಲ್‌ನ ಉದ್ಯಾನಶಿಲ್ಪಿ ಕಲಿಸುವ ನೀರಿನ ಲೆಕ್ಕ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಉದ್ಯಾನಗಳಿಗೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಪ್ರಕಟಿಸಿತು. ಸುಮಾರು 100 ಕಿ.ಮೀ. ದೂರದಿಂದ ಮೇಲೆತ್ತಿ ತರುವ ಕಾವೇರಿ ನೀರಿನ ಬೆಲೆ ಬಲ್ಲವರು ಈ ಆದೇಶವನ್ನು ಆಕ್ಷೇಪಿಸಲಾರರು. ಆದರೆ ದಂಡದಿಂದ ಬಗೆಹರಿಯದ ಮೂಲ ಪ್ರಶ್ನೆಯೊಂದಿದೆ. ಬೇಸಿಗೆಯಲ್ಲಿ ಜನರ ಪಾಲಿನ ನೀರನ್ನೇ ಬೇಡುವಂತಹ ಉದ್ಯಾನವನ್ನು ನಾವೇಕೆ ನಿರ್ಮಿಸಬೇಕು? ಸುಮಾರು ತೊಂಬತ್ತು ವರ್ಷಗಳ ಹಿಂದೆ, ಬರಗಾಲದ ಸೀಮೆಗೆ ಹತ್ತಿರದ ಇನ್ನೊಂದು ನಗರದಲ್ಲಿ, ಇಂತಹ ಪ್ರಶ್ನೆಗೆ ಗಿಡಗಳ ಮೂಲಕವೇ ಉತ್ತರ ನೀಡಿದವರು ಬ್ರೆಜಿಲ್‌ನ ರೊಬೆರ್ಟೊ ಬುರ್ಲೆ ಮಾರ್ಕ್ಸ್.

1909ರ ಆಗಸ್ಟ್ 4ರಂದು ಸಾವೊ ಪಾಲೊದಲ್ಲಿ ಜನಿಸಿದ ಅವರ ತಂದೆ ಜರ್ಮನಿಯಿಂದ ವಲಸೆ ಬಂದ ಯಹೂದಿ. ತಾಯಿ ಈಶಾನ್ಯ ಬ್ರೆಜಿಲ್‌ನ ಪೆರ್ನಾಂಬುಕೊದವರು. 1928ರಲ್ಲಿ ಕುಟುಂಬದೊಂದಿಗೆ ಬರ್ಲಿನ್‌ಗೆ ಹೋದ ಅವರು ಅಲ್ಲಿ ಚಿತ್ರಕಲೆ ಕಲಿಯತೊಡಗಿದರು. ದಾಲೆಂ ಸಸ್ಯೋದ್ಯಾನದ ಗಾಜಿನ ಮನೆಗಳಲ್ಲಿ ತಮ್ಮ ನಾಡಿನ ಗಿಡಗಳನ್ನು ಅಪೂರ್ವ ವಸ್ತುಗಳೆಂಬಂತೆ ಪೋಷಿಸುತ್ತಿದ್ದುದನ್ನು ಕಂಡರು. ಅದೇ ಗಿಡಗಳು ಬ್ರೆಜಿಲ್‌ನ ಸಿರಿವಂತರ ಕಣ್ಣಿಗೆ ಕೇವಲ ಕಾಡುಗಿಡಗಳು. ಅವರ ತೋಟಗಳು ಯುರೋಪಿನ ಅನುಕರಣೆಗಳು. ಈ ವೈಪರೀತ್ಯದ ಅರಿವೇ ಅವರ ಜೀವನದ ದಿಕ್ಕನ್ನು ಬದಲಿಸಿತು. ಸ್ವದೇಶಕ್ಕೆ ಮರಳಿ ರಿಯೊದ ಲಲಿತಕಲಾ ಶಾಲೆ ಸೇರಿದ ಅವರಿಗೆ ವಾಸ್ತುಶಿಲ್ಪಿ ಲೂಸಿಯೊ ಕೋಸ್ಟಾ 1932ರಲ್ಲಿ ಮೊದಲ ಉದ್ಯಾನದ ಕೆಲಸ ಒಪ್ಪಿಸಿದರು.

1934ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಅವರು ಪೆರ್ನಾಂಬುಕೊದ ರಾಜಧಾನಿ ರೆಸಿಫೆಯ ಉದ್ಯಾನಗಳ ಹೊಣೆ ಹೊತ್ತರು. ರೆಸಿಫೆ ಮಳೆ ಬೀಳುವ ಕರಾವಳಿ ನಗರ. ಆದರೆ ಅದರ ಬೆನ್ನಿಗಿರುವ ಒಳನಾಡು ಪದೇ ಪದೇ ಬರಕ್ಕೆ ತುತ್ತಾಗುವ ಸೀಮೆ. ಅಲ್ಲಿಯ ಕುರುಚಲು ಕಾಡಿಗೆ ಕಾಟಿಂಗಾ ಎಂದು ಹೆಸರು. ಮೂಲನಿವಾಸಿಗಳ ಭಾಷೆಯಲ್ಲಿ ಅದರ ಅರ್ಥ ಬಿಳಿಯ ಕಾಡು. ಬೇಸಿಗೆಯಲ್ಲಿ ಎಲೆ ಉದುರಿಸಿ ಬಿಳಿಚಿಕೊಂಡು ನಿಲ್ಲುವ ಈ ಗಿಡಗಳು ಮಳೆ ಬಂದಾಗ ಮತ್ತೆ ಚಿಗುರುತ್ತವೆ. 1935ರಲ್ಲಿ ಅವರು ಈ ಸೀಮೆಯ ಕಳ್ಳಿಗಿಡಗಳನ್ನು ತರಿಸಿ ನಗರದ ಚೌಕವೊಂದರಲ್ಲಿ ನೆಟ್ಟರು. ಆ ಚೌಕಕ್ಕೆ ಬರಸೀಮೆಯ ಬದುಕನ್ನು ದಾಖಲಿಸಿದ ಲೇಖಕ ಯೂಕ್ಲೀಡೀಸ್ ದ ಕುನ್ಯಾ ಅವರ ಹೆಸರಿದೆ. ಗುಲಾಬಿಗೆ ಒಗ್ಗಿದ್ದ ನಾಗರಿಕರಲ್ಲಿ ಆಕ್ಷೇಪಿಸಿದವರಿದ್ದರು. ಆದರೂ ತಮ್ಮ ನಾಡಿನ ಒಣಭೂಮಿಗೂ ಘನತೆಯಿದೆ ಎಂಬುದನ್ನು ಒಂದು ಸರ್ಕಾರಿ ಉದ್ಯಾನ ಸಾರ್ವಜನಿಕವಾಗಿ ಸಾರಿತು.

ಕಟ್ಟಡಗಳ ತಾರಸಿಯನ್ನೂ ಅವರು ನೆಲವೆಂದೇ ಬಗೆದರು. ಲ ಕಾರ್ಬುಸಿಯೆ ಸಲಹೆ ಪಡೆದು ರಿಯೊದಲ್ಲಿ ನಿರ್ಮಾಣವಾದ ಶಿಕ್ಷಣ ಮತ್ತು ಆರೋಗ್ಯ ಸಚಿವಾಲಯಕ್ಕೆ 1938ರಲ್ಲಿ ಅವರು ರೂಪಿಸಿದ ತಾರಸಿ ಉದ್ಯಾನ ಆಧುನಿಕ ಸರ್ಕಾರಿ ಕಟ್ಟಡಗಳ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ತಾರಸಿಯ ಮೇಲೆ ಮಣ್ಣು ತೆಳು, ಬಿಸಿಲು ಹೆಚ್ಚು, ಗಾಳಿ ತೀವ್ರ. ತೇವಗೊಂಡ ಮಣ್ಣಿನ ಭಾರವನ್ನು ಕಟ್ಟಡವೇ ಹೊರಬೇಕು. ಅಲ್ಲಿ ಗಿಡದ ಆಯ್ಕೆ ತಪ್ಪಿದರೆ ನಿತ್ಯದ ನೀರಾವರಿಯೊಂದೇ ಉಪಾಯ. 1980ರ ದಶಕದಲ್ಲಿ ಸಾವೊ ಪಾಲೊದ ಸಫ್ರಾ ಬ್ಯಾಂಕ್ ಕಟ್ಟಡದ ತಾರಸಿಗೆ ವಿನ್ಯಾಸ ರಚಿಸುವಾಗ ಅವರು ಗಿಡಗಳಷ್ಟೇ ಪ್ರಾಧಾನ್ಯವನ್ನು ಬಣ್ಣದ ಜಲ್ಲಿಕಲ್ಲಿಗೂ ನೀಡಿದರು. ಉದ್ಯಾನವೆಂದರೆ ಅಂಗುಲ ಅಂಗುಲವೂ ಹಸಿರಾಗಿರಬೇಕಿಲ್ಲ ಎಂಬುದಕ್ಕೆ ಅದು ನಿದರ್ಶನ.

ಬುರ್ಲೆ ಮಾರ್ಕ್ಸ್ ಜಲಮಿತವ್ಯಯದ ಪ್ರಚಾರಕರಾಗಿರಲಿಲ್ಲ. ಕೊಳಗಳೂ ಜಲಸಸ್ಯಗಳೂ ಅವರಿಗೆ ಪ್ರಿಯವೇ ಆಗಿದ್ದವು. ಅವರ ಮಹತ್ವ ಇರುವುದು ವಿಧಾನದಲ್ಲಿ. ಸಸ್ಯವಿಜ್ಞಾನಿ ಮೆಲೊ ಬರೆಟೊ ಅವರ ಒಡನಾಟದಲ್ಲಿ, ಯಾವ ಗಿಡ ಯಾವ ಮಣ್ಣಿನಲ್ಲಿ ಯಾವ ನೆರೆಹೊರೆಯೊಂದಿಗೆ ಬೆಳೆಯುತ್ತದೆ ಎಂಬುದನ್ನು ಕಾಡಿನಲ್ಲಿಯೇ ನೋಡಿ ಕಲಿತರು. 1949ರಲ್ಲಿ ರಿಯೊದ ಹೊರವಲಯದಲ್ಲಿ ಕೊಂಡ ಜಮೀನಿನಲ್ಲಿ ಸುಮಾರು 3,500 ಪ್ರಭೇದಗಳನ್ನು ಬೆಳೆಸಿದರು. ಸೈನಿಕ ಆಡಳಿತದ ಕಾಲದಲ್ಲಿ, 1967ರಿಂದ 1974ರವರೆಗೆ, ಸರ್ಕಾರದ ಸಾಂಸ್ಕೃತಿಕ ಮಂಡಳಿಯ ಸದಸ್ಯರಾಗಿದ್ದುಕೊಂಡೇ ಅರಣ್ಯನಾಶದ ವಿರುದ್ಧ ದನಿಯೆತ್ತಿದರು. 1985ರಲ್ಲಿ ಆ ತೋಟವನ್ನು ರಾಷ್ಟ್ರಕ್ಕೆ ಒಪ್ಪಿಸಿ, 1994ರ ಜೂನ್ 4ರಂದು ಅಲ್ಲಿಯೇ ನಿಧನರಾದರು. 2021ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿತು.

ಇಂದು ಬೆಂಗಳೂರಿನ ಅನೇಕ ಕಚೇರಿ ಸಮುಚ್ಚಯಗಳ ಆವರಣದಲ್ಲಿ ಅವರ ಮೆಚ್ಚಿನ ಹೆಲಿಕೋನಿಯ, ಫಿಲೋಡೆಂಡ್ರಾನ್ ಗಿಡಗಳಿವೆ. ಅವರ ವಿಧಾನ ಮಾತ್ರ ಕಾಣುವುದಿಲ್ಲ. ಬ್ರೆಜಿಲ್‌ನ ಮಳೆಕಾಡಿನ ಗಿಡಗಳನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಯೇ ವಿರಳವಾದ ಊರಿನಲ್ಲಿ ಸಾಕುವುದು ಅವರ ಅನುಸರಣೆಯಲ್ಲ. ಯುರೋಪಿನ ಯಾವ ಅನುಕರಣೆಯನ್ನು ಅವರು ತಿರಸ್ಕರಿಸಿದರೋ ಅದೇ ತಪ್ಪನ್ನು ನಾವು ಅವರ ಹೆಸರಿನಲ್ಲಿ ಮಾಡುತ್ತಿದ್ದೇವೆ. ಅವರ ಮಾರ್ಗದಲ್ಲಿ ನಡೆಯುವುದಾದರೆ ನಮ್ಮ ಆವರಣಗಳಿಗೆ ಕಕ್ಕೆ, ಮುತ್ತುಗ, ಹೊಂಗೆಗಳೂ ತಾರಸಿಗಳಿಗೆ ತಂಗಡಿ, ಲೋಳೆಸರಗಳೂ ಬರಬೇಕು.

ಸೇವೆಯಲ್ಲಿದ್ದಾಗ ನಾನು ಪರಿಶೀಲಿಸಿದ ಕಟ್ಟಡಗಳ ಅಂದಾಜುಪಟ್ಟಿಗಳಲ್ಲಿ ಉದ್ಯಾನಕ್ಕೆ ಹಣದ ಬಾಬ್ತು ಇರುತ್ತಿತ್ತು, ನೀರಿನ ಬಾಬ್ತು ಇರುತ್ತಿರಲಿಲ್ಲ. ಸಂಸ್ಕರಿಸಿದ ನೀರು ಬಳಸುತ್ತೇವಲ್ಲ ಎಂಬ ಸಮಜಾಯಿಷಿಯೂ ಪೂರ್ಣ ಉತ್ತರವಲ್ಲ. ಆ ನೀರಿಗೂ ವಿದ್ಯುತ್ ವೆಚ್ಚವಿದೆ. ಶೌಚಾಲಯ, ಕಟ್ಟಡ ನಿರ್ಮಾಣಗಳಂತಹ ಬೇರೆ ಉಪಯೋಗಗಳೂ ಕಾದಿವೆ. ಆದ್ದರಿಂದ ಸರ್ಕಾರಿ ಮತ್ತು ದೊಡ್ಡ ಖಾಸಗಿ ಕಟ್ಟಡಗಳ ನಕ್ಷೆಗೆ ಮಂಜೂರಾತಿ ನೀಡುವ ಮೊದಲೇ, ಅದರ ಉದ್ಯಾನವು ಬೇಸಿಗೆಯ ತಿಂಗಳುಗಳಲ್ಲಿ ದಿನಕ್ಕೆಷ್ಟು ಲೀಟರ್ ನೀರು ಬೇಡುತ್ತದೆ ಎಂಬುದನ್ನು ಬರೆದುಕೊಡುವುದು ಕಡ್ಡಾಯವಾಗಲಿ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ; ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಸಾಕು.