ಪರೀಕ್ಷೆಗೆ ಸಿಗದ ತಪ್ಪಿನ ಬೆನ್ನುಹತ್ತಿದ ಡೈಕ್‌ಸ್ಟ್ರಾ

ಬಿಸಿಎ, ಬಿಇ ಓದುವವರಿಗೆ ಎಡ್ಸ್‌ಗರ್ ಡೈಕ್‌ಸ್ಟ್ರಾ ಹೆಸರು ಹೊಸದಲ್ಲ. ಅತಿ ಹತ್ತಿರದ ದಾರಿ ಹುಡುಕುವ ಅವರ ಅಲ್ಗಾರಿದಂ ಅನ್ನು ಲ್ಯಾಬ್ ಪರೀಕ್ಷೆಯಲ್ಲೂ ಕೇಳುತ್ತಾರೆ, ಕ್ಯಾಂಪಸ್ ಸಂದರ್ಶನದಲ್ಲೂ ಕೇಳುತ್ತಾರೆ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು, ಪೆನ್ನು ಕಾಗದವಿಲ್ಲದೆ, ಸುಮಾರು 20 ನಿಮಿಷದಲ್ಲಿ ಅವರು ಅದನ್ನು ಕಂಡುಕೊಂಡರು. ಆದರೆ ಅವರ ನಿದ್ದೆಗೆಡಿಸಿದ್ದು ಬೇರೆಯದೇ ಸಮಸ್ಯೆ.

ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮಿನಲ್ಲಿ. ತಂದೆ ರಸಾಯನಶಾಸ್ತ್ರದ ಮೇಷ್ಟ್ರು, ತಾಯಿ ಗಣಿತ ಬಲ್ಲವರು. ಲೈಡನ್‌ನಲ್ಲಿ ಓದುತ್ತಿರುವಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆದರು. ಆಗ ಅದೊಂದು ಉದ್ಯೋಗವೆಂದು ಒಪ್ಪುವವರೇ ಇರಲಿಲ್ಲ. 1957ರಲ್ಲಿ ಮದುವೆ ನೋಂದಣಿಗೆ ಹೋದಾಗ ವೃತ್ತಿ ಪ್ರೋಗ್ರಾಮರ್ ಎಂದು ಬರೆಸಲು ಅಧಿಕಾರಿಗಳು ಬಿಡದೆ, ಭೌತವಿಜ್ಞಾನಿ ಎಂದೇ ಬರೆಸಬೇಕಾಯಿತು!

ಆ ದಿನಗಳಲ್ಲೇ ಎಕ್ಸ್1 ಎಂಬ ಹೊಸ ಯಂತ್ರಕ್ಕೆ ತಂತ್ರಾಂಶ ಬರೆಯುವ ಹೊಣೆ ಬಂತು. ಈ ಯಂತ್ರದಲ್ಲಿ ಲೆಕ್ಕ ನಡೆಯುತ್ತಿರುವಾಗಲೇ ಹೊರಗಿನ ಉಪಕರಣಗಳು ನಡುವೆ ಬಾಯಿ ಹಾಕಬಹುದಿತ್ತು. ಯಾವ ಗಳಿಗೆಯಲ್ಲಿ ಎಂದು ಹೇಳುವಂತಿಲ್ಲ. ತಪ್ಪಾದರೆ ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಲೂ ಆಗದು. ಡೈಕ್‌ಸ್ಟ್ರಾ ನಿಜಕ್ಕೂ ಹೆದರಿದರು.

ಹೆದರಿಕೆ ಸುಳ್ಳಲ್ಲ. ಹಾವೇರಿಯಿಂದ ಬೆಂಗಳೂರಿಗೆ ಹೊರಡುವ ಬಸ್ಸಿನಲ್ಲಿ ಒಂದೇ ಸೀಟು ಉಳಿದಿದೆ ಎನ್ನಿ. ಹೊಸರಿತ್ತಿಯಲ್ಲೊಬ್ಬರು, ರಾಣೆಬೆನ್ನೂರಿನಲ್ಲೊಬ್ಬರು ಒಂದೇ ಕ್ಷಣಕ್ಕೆ ಮೊಬೈಲ್ ಒತ್ತುತ್ತಾರೆ. ಸರಿಯಾಗಿ ಬರೆಯದ ತಂತ್ರಾಂಶ ಇಬ್ಬರಿಗೂ ಸೀಟು ಖಾಲಿ ಎಂದು ಹೇಳಿ ಇಬ್ಬರಿಗೂ ಟಿಕೆಟ್ ಕೊಟ್ಟೀತು. ತಲಾ 10 ಹೆಜ್ಜೆಗಳ ಎರಡು ಕೆಲಸಗಳು ಒಂದರೊಳಗೊಂದು ಬೆರೆಯುವ ರೀತಿಗಳೇ 1,84,756. ಎಷ್ಟನ್ನು ಓಡಿಸಿ ನೋಡುತ್ತೀರಿ? ಹಾಗಾಗಿ ಓಡಿಸಿ ನೋಡುವುದು ಸಾಲದು, ತರ್ಕದಿಂದ ಸಾಧಿಸಬೇಕು ಎಂದು ಅವರು ಪಟ್ಟು ಹಿಡಿದರು.

1962ರಲ್ಲಿ ಐಂಡ್‌ಹೋವನ್‌ನಲ್ಲಿ ಪ್ರಾಧ್ಯಾಪಕರಾದರು. ಎಷ್ಟೇ ಕೆಲಸಗಳು ಒಟ್ಟಿಗೆ ನಡೆದರೂ ನಿರ್ಣಾಯಕ ಭಾಗಕ್ಕೆ ಒಂದು ಮಾತ್ರ ಪ್ರವೇಶಿಸುವ ಉಪಾಯವನ್ನು, ಸಾಧನೆ ಸಹಿತ, 1965ರಲ್ಲಿ ಪ್ರಕಟಿಸಿದರು. ಇಡೀ ಲೇಖನ ಒಂದೇ ಪುಟ. ಅವರದೇ ಇನ್ನೊಂದು ಉಪಾಯ ಸೆಮಾಫೋರ್. ಹೆಸರು ರೈಲ್ವೆ ಕೈಕಂಬದ್ದು. ಬ್ಯಾಡಗಿ ಕಡೆ ಒಂಟಿ ಹಳಿಯಿದ್ದಾಗ ಕೈಕಂಬ ಇಳಿಯುವವರೆಗೆ ರೈಲು ಕಾಯುತ್ತಿದ್ದುದನ್ನು ಹಿರಿಯರು ಬಲ್ಲರು. ತಮ್ಮ ಪುಟ್ಟ ತಂಡದೊಂದಿಗೆ ಕಟ್ಟಿದ ಆಪರೇಟಿಂಗ್ ಸಿಸ್ಟಂ ಬಗ್ಗೆ 1968ರಲ್ಲಿ ಬರೆಯುತ್ತಾ, ಪರೀಕ್ಷೆಯಲ್ಲಿ ಸಿಕ್ಕಿದ್ದು ಸಣ್ಣಪುಟ್ಟ ತಪ್ಪುಗಳಷ್ಟೇ ಎಂದು ತಿಳಿಸಿದರು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಅವರ ಮಾತು ಮಾತ್ರ ನಮ್ಮ ಬ್ಯಾಡಗಿ ಮೆಣಸಿನಕಾಯಿಯಂತಲ್ಲ, ಗುಂಟೂರಿನದು. ಉದ್ಯಮದವರಿಗೆ ಅದು ರುಚಿಸಲಿಲ್ಲ. ಆದರೆ 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಕೆಲವರು ಸತ್ತರು. ಒಟ್ಟಿಗೆ ನಡೆಯುವ ಕೆಲಸಗಳ ವೇಳೆ ತಪ್ಪಿದ್ದೂ ಅದಕ್ಕೆ ಕಾರಣವಾಗಿತ್ತು.

1977ರಲ್ಲಿ ಇಸ್ರೇಲಿನ ಅಮೀರ್ ಪ್ನುಯೇಲಿ ಇಂಥ ವ್ಯವಸ್ಥೆಗಳಿಗೆ ಕಾಲದ ತರ್ಕವನ್ನು ತಂದರು. ಒಂದು ಸೀಟು ಇಬ್ಬರಿಗೆ ಎಂದೆಂದಿಗೂ ಹೋಗದು, ಕಾದವರ ಸರದಿ ಒಮ್ಮೆ ಬಂದೇ ಬರುತ್ತದೆ ಎಂಬುದನ್ನು ಸೂತ್ರದಲ್ಲೇ ಬರೆಯಲು ಸಾಧ್ಯವಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂನ ಷೆಡ್ಯೂಲರನ್ನು ತರ್ಕದಿಂದ ಒರೆಗೆ ಹಚ್ಚಿದ್ದಾರೆ.

1984ರಿಂದ ಡೈಕ್‌ಸ್ಟ್ರಾ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಕಂಪ್ಯೂಟರ್ ವಿಜ್ಞಾನಿಯಾದರೂ ಬರೆಯುತ್ತಿದ್ದುದು ಫೌಂಟನ್ ಪೆನ್ನಿನಲ್ಲಿ. ಜೆರಾಕ್ಸ್ ಮಾಡಿಸಿ ಗೆಳೆಯರಿಗೆ ಹಂಚುತ್ತಿದ್ದರು. ನಿವೃತ್ತಿಯ ಬಳಿಕ ತಾಯ್ನಾಡಿಗೆ ಮರಳಿ, 2002ರ ಆಗಸ್ಟ್ 6ರಂದು ನ್ಯೂನೆನ್‌ನಲ್ಲಿ ತೀರಿಕೊಂಡರು. 1,300ಕ್ಕೂ ಹೆಚ್ಚು ಟಿಪ್ಪಣಿಗಳನ್ನು ಬಿಟ್ಟುಹೋಗಿದ್ದಾರೆ. ಅವುಗಳಲ್ಲಿ ಹೆಚ್ಚಿನವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅವರದೇ ಕೈಬರಹದಲ್ಲಿ ಉಚಿತವಾಗಿ ಓದಬಹುದು.