ಕೆಳದಿಯ ಬಸವಭೂಪಾಲ ಮತ್ತು ಶಿವತತ್ತ್ವರತ್ನಾಕರ

ಕರ್ನಾಟಕದಲ್ಲಿ ವಿಶ್ವಕೋಶ ಸ್ವರೂಪದ ಗ್ರಂಥರಚನೆಗೆ ದೀರ್ಘ ಪರಂಪರೆಯಿದೆ. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ‘ಲೋಕೋಪಕಾರ’ವನ್ನೂ ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನೂ ರಚಿಸಿದರು. ಈ ಸಾಲಿನ ಮತ್ತೊಂದು ಮಹತ್ವದ ಸಂಸ್ಕೃತ ಕೃತಿ ‘ಶಿವತತ್ತ್ವರತ್ನಾಕರ’. ಇದರ ಕರ್ತೃ ಕೆಳದಿಯ ಅರಸ ಹಿರಿಯ ಬಸವಪ್ಪನಾಯಕ. ಗ್ರಂಥಕರ್ತೃವಾಗಿ ಆತ ಬಸವಭೂಪಾಲನೆಂದು ಪ್ರಸಿದ್ಧ.

ಬಸವಪ್ಪನು ಹುಟ್ಟಿನಿಂದ ರಾಜಕುಮಾರನಲ್ಲ. ಪತಿ ಸೋಮಶೇಖರನಾಯಕನ ಹತ್ಯೆಯ ಬಳಿಕ ರಾಜ್ಯಭಾರ ವಹಿಸಿಕೊಂಡ ಚೆನ್ನಮ್ಮಾಜಿಗೆ ಮಕ್ಕಳಿರಲಿಲ್ಲ. ಬಿಜಾಪುರದ ಸೇನೆ ಬಿದನೂರಿನ ಮೇಲೆ ಬಂದಾಗ ಆಕೆ ಭುವನಗಿರಿದುರ್ಗವನ್ನು ಆಶ್ರಯಿಸಬೇಕಾಯಿತು. ಇಂದಿನ ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳಲ್ಲಿ ಬೆಳೆದ ಈ ಸಂಸ್ಥಾನಕ್ಕೆ ಆಗ ಹೊಸನಗರ ತಾಲ್ಲೂಕಿನ ಬಿದನೂರು ರಾಜಧಾನಿ, ತೀರ್ಥಹಳ್ಳಿ ತಾಲ್ಲೂಕಿನ ಭುವನಗಿರಿ, ಎಂದರೆ ಕವಲೇದುರ್ಗ, ರಕ್ಷಣೆಯ ನೆಲೆ. ಇಂಥ ಅಸ್ಥಿರ ಸನ್ನಿವೇಶದಲ್ಲಿ ಚೆನ್ನಮ್ಮಾಜಿಯ ದತ್ತುಪುತ್ರನಾದ ಬಸವಪ್ಪನು ಆಕೆಯ ಆಶ್ರಯದಲ್ಲಿ ಬೆಳೆದು 1697ರಲ್ಲಿ ಪಟ್ಟವೇರಿದನು.

ಶಿವತತ್ತ್ವರತ್ನಾಕರವು 1709ರಲ್ಲಿ ರಚಿತವಾಯಿತು. ಕೃತಿಯು ಒಂಬತ್ತು ಕಲ್ಲೋಲಗಳಾಗಿಯೂ 108 ತರಂಗಗಳಾಗಿಯೂ ವಿಭಾಗಗೊಂಡಿದೆ. ಮಗ ಸೋಮಶೇಖರನ ಪ್ರಶ್ನೆಗಳಿಗೆ ತಂದೆಯು ಉತ್ತರಿಸುವ ಕ್ರಮದಲ್ಲಿ ವಿಷಯ ನಿರೂಪಿತವಾಗಿದೆ. ಶೈವಸಿದ್ಧಾಂತ, ಸೃಷ್ಟಿವರ್ಣನೆ, ರಾಜನೀತಿ, ಜ್ಯೋತಿಷ, ವೈದ್ಯ, ವಾಸ್ತು, ಸಂಗೀತ, ನಾಟ್ಯ, ಪಾಕಶಾಸ್ತ್ರ, ರತ್ನಪರೀಕ್ಷೆ, ಗಜಾಶ್ವಲಕ್ಷಣ ಮೊದಲಾದವು ಇಲ್ಲಿ ಅಡಕವಾಗಿವೆ. ಪೂರ್ವಗ್ರಂಥಗಳ ಸಾರಸಂಗ್ರಹವೇ ಇದರ ಪ್ರಧಾನ ವಿಧಾನ. ಆದ್ದರಿಂದ ಪ್ರತಿಯೊಂದು ವಿವರವನ್ನೂ ಹದಿನೆಂಟನೆಯ ಶತಮಾನದ ಮಲೆನಾಡಿನ ಪ್ರತ್ಯಕ್ಷ ಚಿತ್ರವೆಂದು ಗ್ರಹಿಸುವುದು ಸಾಧುವಲ್ಲ.

ಆದರೆ ಶಾಸ್ತ್ರವಿಷಯಗಳ ನಡುವೆಯೇ ವಿಜಯನಗರದ ಹಾಗೂ ಕೆಳದಿಯ ಅರಸರ ಇತಿಹಾಸವನ್ನು ಅಳವಡಿಸಿರುವುದು ಬಸವಭೂಪಾಲನ ವೈಶಿಷ್ಟ್ಯ. ದತ್ತಕದಿಂದ ಸಿಂಹಾಸನ ಪಡೆದ ಅರಸನು ವಂಶಚರಿತ್ರೆಯನ್ನೂ ವಿದ್ಯೆಯನ್ನೂ ಒಂದೇ ಗ್ರಂಥದಲ್ಲಿ ಉತ್ತರಾಧಿಕಾರಿಗೆ ಒಪ್ಪಿಸುತ್ತಿರುವುದು ಗಮನಾರ್ಹ. ರಾಜ್ಯವು ರಕ್ತಸಂಬಂಧದಿಂದ ಮಾತ್ರವಲ್ಲ, ಅರಿವಿನ ಪಾರಂಪರ್ಯದಿಂದಲೂ ಉಳಿಯುತ್ತದೆಂಬ ನಿಲುವನ್ನು ಈ ವಿನ್ಯಾಸದಲ್ಲಿ ಗುರುತಿಸಲು ಅವಕಾಶವಿದೆ.

ಬಸವಪ್ಪನು ಕನ್ನಡದಲ್ಲಿ ‘ಸೂಕ್ತಿಸುಧಾಕರ’ವನ್ನೂ ಸಂಸ್ಕೃತದಲ್ಲಿ ‘ಸುಭಾಷಿತಸುರದ್ರುಮ’ವನ್ನೂ ರಚಿಸಿದನು. 1714ರಲ್ಲಿ ಆತನ ಆಳ್ವಿಕೆ ಮುಗಿದು ಇಮ್ಮಡಿ ಸೋಮಶೇಖರನು ಪಟ್ಟಕ್ಕೆ ಬಂದನು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಸಂಸ್ಥಾನ ಅಳಿದರೂ ಗ್ರಂಥ ಉಳಿಯಿತು: 1927ರಲ್ಲಿ ಮದರಾಸಿನಲ್ಲಿ ಮುದ್ರಣಗೊಂಡಿತು, ಮುಂದೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಪ್ರಕಟಿಸಿತು. ಸಂಸ್ಕೃತದಲ್ಲಿದೆಯೆಂಬ ಕಾರಣಕ್ಕೆ ಇದನ್ನು ಕನ್ನಡ ಅಧ್ಯಯನದ ಅಂಚಿಗೆ ಸರಿಸುವಂತಿಲ್ಲ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದೊಡನೆ ಇಟ್ಟು ಓದಿದಾಗ, ಮಲೆನಾಡಿನ ಅರಸುಮನೆತನವೊಂದು ತನ್ನ ಚರಿತ್ರೆಯನ್ನು ಎರಡು ಭಾಷೆಗಳಲ್ಲಿ ಕಟ್ಟಿಕೊಂಡ ಬಗೆ ಸ್ಪಷ್ಟವಾಗುತ್ತದೆ.