ಚಿಪ್ಪಿಗೆ ಬೆಲೆ ಕಟ್ಟಿದ ರಾಬರ್ಟ್ ನಾಯ್ಸ್

ಕ್ಯಾಂಟೀನಿನಲ್ಲಿ ನಾವು ಮೂವರು ಗೇಮಿಂಗ್ ಪಿಸಿಯ ಲೆಕ್ಕ ಹಾಕ್ತಾ ಕೂತಿದ್ವಿ. ಒಬ್ಬ ತುಮಕೂರಿನವನು, ಒಬ್ಬ ಕುಣಿಗಲ್‌ನವನು, ಇನ್ನೊಬ್ಬ ಗುಬ್ಬಿಯವನು. ಪಿಸಿ ಬೇಕಾಗಿದ್ದದ್ದು ಗುಬ್ಬಿಯವನಿಗೆ. ಅವರಪ್ಪ ತೆಂಗಿನಕಾಯಿ ಮಾರಿ ಕೊಟ್ಟ ದುಡ್ಡು 40 ಸಾವಿರ, ಅಷ್ಟರಲ್ಲೇ ಎಲ್ಲ ಮುಗೀಬೇಕು. ಎಲ್ಲ ಪ್ರೊಸೆಸರ್ ಕೂಡ ಸಿಲಿಕಾನೇ ತಾನೆ, ಬೆಲೆ ಯಾಕೆ ಇಷ್ಟು ಹೆಚ್ಚುಕಮ್ಮಿ ಅಂತ ಅವನು ಕೇಳಿದ. ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದವರು ರಾಬರ್ಟ್ ನಾಯ್ಸ್.

ನಾಯ್ಸ್ ಹುಟ್ಟಿದ್ದು 1927ರಲ್ಲಿ, ಅಮೆರಿಕದ ಅಯೋವಾದಲ್ಲಿ. ತಂದೆ ಪಾದ್ರಿ. ಬೆಳೆದದ್ದು, ಓದಿದ್ದು ಗ್ರಿನೆಲ್ ಎಂಬ ಸಣ್ಣ ಊರಲ್ಲಿ. 1948ರಲ್ಲಿ ಹಾಸ್ಟೆಲ್ ಔತಣಕ್ಕೆಂದು ಹಂದಿ ಕದ್ದು ಒಂದು ಸೆಮಿಸ್ಟರ್ ಸಸ್ಪೆಂಡ್ ಆದರು! ಆಮೇಲೆ 1953ರಲ್ಲಿ ಎಂಐಟಿಯಿಂದ ಪಿಎಚ್‌ಡಿ. 1957ರಲ್ಲಿ ಏಳು ಜನ ಸಹೋದ್ಯೋಗಿಗಳ ಜೊತೆ ಸೇರಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. 1959ರಲ್ಲಿ ಒಂದೇ ಸಿಲಿಕಾನ್ ತುಂಡಿನ ಮೇಲೆ ಇಡೀ ಸರ್ಕ್ಯೂಟ್ ತಯಾರಿಸುವ ದಾರಿ ತೋರಿಸಿದರು.

ಆದರೆ ಚಿಪ್ಪು ವಿಪರೀತ ದುಬಾರಿ. ಸೈನ್ಯ, ಬಾಹ್ಯಾಕಾಶ ಬಿಟ್ಟರೆ ಕೊಳ್ಳುವವರು ಕಮ್ಮಿ. ಆಗ ನಾಯ್ಸ್ ಎಲ್ಲರೂ ಬೆಚ್ಚಿಬೀಳುವ ತೀರ್ಮಾನ ಮಾಡಿದರು. ಅದೇ ಸರ್ಕ್ಯೂಟನ್ನು ಬಿಡಿಭಾಗಗಳಿಂದ ಜೋಡಿಸಿದರೆ ಎಷ್ಟಾಗುತ್ತೋ ಅದಕ್ಕಿಂತ ಕಡಿಮೆಗೆ, ತಯಾರಿಕೆಯ ಖರ್ಚಿಗಿಂತಲೂ ಕಡಿಮೆಗೆ ಮಾರಿದರು. ಅವರ ಲೆಕ್ಕ ಸರಳ. ಒಂದು ವೇಫರ್ ಮೇಲೆ ಎಷ್ಟೋ ಚಿಪ್ಪು ಒಟ್ಟಿಗೆ ತಯಾರಾಗ್ತವೆ, ಹಲವು ಕೆಟ್ಟುಹೋಗ್ತವೆ. ಹೆಚ್ಚು ತಯಾರಿಸಿದಷ್ಟೂ ಕೈ ಪಳಗಿ ಕೆಡುವುದು ಕಮ್ಮಿಯಾಗುತ್ತೆ, ಖರ್ಚು ಇಳಿಯುತ್ತೆ. ಹಾಗೇ ಆಯ್ತು.

1968ರಲ್ಲಿ ಗಾರ್ಡನ್ ಮೂರ್ ಜೊತೆ ಇಂಟೆಲ್ ಶುರು ಮಾಡಿದರು. ಜಪಾನಿನ ಬಿಸಿಕಾಮ್ ಕಂಪನಿಯ ಕ್ಯಾಲ್ಕ್ಯುಲೇಟರ್‌ಗೆಂದು ಇಂಟೆಲ್‌ನ ಎಂಜಿನಿಯರುಗಳು ತಯಾರಿಸಿದ 4004 ಪ್ರೊಸೆಸರ್ 1971ರಲ್ಲಿ ಮಾರುಕಟ್ಟೆಗೆ ಬಂತು, ಅದರಲ್ಲಿ 2,300 ಟ್ರಾನ್ಸಿಸ್ಟರ್. ಬಿಸಿಕಾಮ್ ಬೆಲೆ ಇಳಿಸಿ ಅಂದಾಗ ಇಂಟೆಲ್ ಇಳಿಸಿತು, ಬದಲಿಗೆ ಬೇರೆಯವರಿಗೂ ಮಾರುವ ಹಕ್ಕು ಪಡೆಯಿತು.

ತಮಾಷೆ ಏನಂದ್ರೆ, ಅಗ್ಗದ ಪೆಟ್ಟು ಇಂಟೆಲ್‌ಗೂ ಬಿತ್ತು. 1974ರಲ್ಲಿ ಅದರ 8080 ಪ್ರೊಸೆಸರ್‌ಗೆ 360 ಡಾಲರ್. ಮರುವರ್ಷವೇ ಮಾಸ್ ಟೆಕ್ನಾಲಜಿಯ 6502 ಬಂತು, ಬರೀ 25 ಡಾಲರ್‌ಗೆ. ಅಟಾರಿ 2600 ಓಡಿದ್ದು ಅದರದೇ ಇನ್ನೂ ಅಗ್ಗದ ರೂಪದ ಮೇಲೆ. ಮನೆಮನೆಗೆ ಗೇಮ್ ಬಂದದ್ದು ಹೀಗೆ.

ನಾಯ್ಸ್ 1990ರ ಜೂನ್ 3ರಂದು, 62ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಅವರಂತೆಯೇ ಚಿಪ್ಪು ಕಂಡುಹಿಡಿದ ಜ್ಯಾಕ್ ಕಿಲ್ಬಿಗೆ 2000ದಲ್ಲಿ ನೊಬೆಲ್ ಬಂತು. ಹಂಚಿಕೊಳ್ಳಲು ನಾಯ್ಸ್ ಇರಲಿಲ್ಲ.

ಇಷ್ಟು ಕೇಳಿದ ಗುಬ್ಬಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಖರ್ಚಿಗಿಂತ ಕಡಿಮೆಗೆ ಎಷ್ಟೋ ಸಲ ನಮ್ಮಪ್ಪನೂ ಮಾರಿದ್ದಾರೆ, ಹೆಚ್ಚು ಮಾರಿದರೆ ತೆಂಗಿನ ಖರ್ಚು ಇಳಿಯಲ್ಲವಲ್ಲ ಅಂದ. ನಮ್ಮ ಹತ್ರ ಅದಕ್ಕೆ ಉತ್ತರ ಇರಲಿಲ್ಲ.

ಕೊನೆಗೆ ಅವನು ಆರಿಸಿದ್ದು ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್. ಅದರ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡಲ್ಲ, ಅದಕ್ಕೇ ಬೆಲೆ ಕಮ್ಮಿ. ಹೇಗಿದ್ರೂ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವನಿಗೆ ಅದರಿಂದ ನಷ್ಟ ಏನೂ ಇಲ್ಲ. ಉಳಿದ ದುಡ್ಡನ್ನ ಕಾರ್ಡಿಗೆ ಸೇರಿಸಿದ್ವಿ.